ಸೀಟಿಗೆ ಮುಂಚಿನ ಅರೆಕ್ಷಣ

ದಿ ಪಾಂಡ್ಸ್, ಸಿಡ್ನಿ
14 ಮಾರ್ಚ್ 2025

ರೆಫರಿ ಅನಸೂಯಾ ಅವರಿಗೆ,

ನಾನು ಚಿನ್ಮಯಿ. ಸಿಡ್ನಿ ಕರವಾಂಗ್ಸ್ ತಂಡದಲ್ಲಿ ಹದಿನೇಳನೇ ನಂಬರಿನ ಜೆರ್ಸಿ ನನ್ನದು. ಕಳೆದ ಭಾನುವಾರ ಮೆಲ್ಬರ್ನ್‌ನಲ್ಲಿ ನಡೆದ ಮಹಿಳೆಯರ ಐಸ್ ಹಾಕಿ ಫೈನಲ್‌ನಲ್ಲಿ ನೀವು ರದ್ದು ಮಾಡಿದ ಗೋಲು ನಾನು ಹೊಡೆದದ್ದು. ನಿಮ್ಮ ವಿಳಾಸ ನನಗೆ ಗೊತ್ತಿಲ್ಲ. ಲೀಗ್ ಆಫೀಸಿನವರು ತಲುಪಿಸುತ್ತೇವೆ ಎಂದಿದ್ದಾರೆ.

ಈ ಪತ್ರವನ್ನು ನಾನಾಗಿ ಬರೆಯುತ್ತಿಲ್ಲ. ನನ್ನ ಅವ್ವ ಗೌರಕ್ಕ ಎದುರಿಗೆ ಕೂತು ಮೆಂತ್ಯ ಸೊಪ್ಪು ಸೋಸುತ್ತ ಕಾವಲಿದ್ದಾಳೆ. ಇಮೇಲ್ ಮಾಡುತ್ತೇನೆ ಎಂದರೆ ಕೇಳಲಿಲ್ಲ. "ಕನ್ನಡದಾಗ ಬೈದೀಯಲ್ಲ, ಕನ್ನಡದಾಗ ಬರಿ. ಕೈಲೆ ಬರಿ," ಎಂದಳು. ನಾನು ಬೆಳಗಾವಿಯಲ್ಲಿ ಏಳನೇ ಇಯತ್ತೆಯವರೆಗೆ ಓದಿ ಇಲ್ಲಿಗೆ ಬಂದವಳು. ಒತ್ತಕ್ಷರ ತಪ್ಪಿದ್ದರೆ ಮನ್ನಿಸಿ.

ಅಂದು ನಾನು ಆಡಿದ ಮಾತು: "ನಿನ್ನ ಕಣ್ಣಾಗ ಸುಣ್ಣಾ ಹಾಕ್ಲಿ, ಲಜ್ಜಿಗೇಡಿ." ಹದಿನೈದು ವರ್ಷದಿಂದ ಐಸ್ ಮೇಲೆ ಕನ್ನಡದಲ್ಲೇ ಬೈದುಕೊಂಡು ಬಂದಿದ್ದೇನೆ, ಒಬ್ಬರಿಗೂ ತಿಳಿದಿಲ್ಲ. ತಲೆಗೆ ಹೆಲ್ಮೆಟ್ಟು, ಮುಖಕ್ಕೆ ಗಾಜು, ಮೈಮೇಲೆ ಕಪ್ಪು ಬಿಳಿ ಪಟ್ಟೆಯ ಅಂಗಿ ಇದ್ದರೆ ಒಳಗಿರುವವರು ಎಲ್ಲಿಯವರು ಎಂದು ಯಾರಿಗೆ ಗೊತ್ತಾಗಬೇಕು? ನೀವು ತಿರುಗಿ, "ಸುಣ್ಣಾ ಆಮ್ಯಾಲೆ ಹಾಕೀಯಂತ. ಈಗ ಬೆಂಚಿಗೆ ನಡಿ," ಎಂದಾಗ ನನ್ನ ಕೈಯಿಂದ ಸ್ಟಿಕ್ ಜಾರಿ ಬಿತ್ತು. ನೀವು ಮನಸ್ಸು ಮಾಡಿದ್ದರೆ ನನ್ನನ್ನು ಪಂದ್ಯದಿಂದ ಹೊರಗೆ ಹಾಕಬಹುದಿತ್ತು, ಲೀಗಿಗೆ ದೂರು ಕೊಡಬಹುದಿತ್ತು. ಎರಡನ್ನೂ ಮಾಡಲಿಲ್ಲ. ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯಿತು.

ಅವ್ವ ಹೇಳಿದ್ದು ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದು ನನ್ನದು.

ಆಟ ಮುಗಿಯಲು ನಲವತ್ತು ಸೆಕೆಂಡ್ ಇತ್ತು, ಒಂದಕ್ಕೊಂದು ಸಮ. ನಾನು ಹೊಡೆದ ಪಕ್ ಗೋಲ್‌ಕೀಪರಳ ಕಾಲಿನ ಪ್ಯಾಡಿನ ಕೆಳಗೆ ಸೇರಿಕೊಂಡಿತು, ಆ ರಬ್ಬರ್ ಬಿಲ್ಲೆ ಅಲ್ಲಿಂದ ಜಾರಿ ಗೆರೆ ದಾಟಿತು. ಆಮೇಲೆ ನಿಮ್ಮ ಸೀಟಿ ಕೇಳಿತು. ನೀವು ಸ್ಕೋರ್ ಮೇಜಿಗೆ ಹೋಗಿ ಟ್ಯಾಬ್ಲೆಟ್ಟಿನಲ್ಲಿ ನೋಡಿದಿರಿ. ಪಕ್ ಒಳಗೆ ಹೋದದ್ದು ಅದರಲ್ಲಿ ಕಾಣುತ್ತಿತ್ತು. ಆದರೂ ನೀವು ಬಂದು ಗೋಲಲ್ಲ ಎಂದು ಎರಡೂ ಕೈ ಅಡ್ಡ ಬೀಸಿದಿರಿ. "ಪಕ್ ಗೆರೆ ದಾಟುವ ಮೊದಲೇ ಆಟ ನಿಲ್ಲಿಸಲು ತೀರ್ಮಾನಿಸಿದ್ದೆ," ಎಂದು ನಮ್ಮ ಕ್ಯಾಪ್ಟನ್ ಬ್ರಿಡ್ಜೆಟ್‌ಗೆ ಹೇಳಿದಿರಿ. ಹೆಚ್ಚುವರಿ ಸಮಯದಲ್ಲಿ ನಾವು ಸೋತೆವು. ಮೆಲ್ಬರ್ನ್‌ನ ಗ್ಯಾನೆಟ್ಸ್ ತಂಡದವರು ಕಪ್ ಎತ್ತಿದರು.

ನಿಯಮ ನನಗೂ ಗೊತ್ತು. ಪಕ್ ಕಾಣದಾದರೆ ರೆಫರಿ ಆಟ ನಿಲ್ಲಿಸಬೇಕು. ಊದಬೇಕೆಂದು ತೀರ್ಮಾನಿಸಿದ ಕ್ಷಣಕ್ಕೇ ಆಟ ನಿಂತ ಲೆಕ್ಕ, ಸೀಟಿಯ ಸದ್ದು ಆಮೇಲೆ ಬಂದರೂ ಸರಿ. ನನ್ನ ಮೊಣಕಾಲಿಗೆ ಎರಡು ಸಲ ಆಪರೇಷನ್ ಆಗಿದೆ. ಅದು ನನ್ನ ಕೊನೆಯ ಪಂದ್ಯ, ಅದು ನನ್ನ ಕೊನೆಯ ಹೊಡೆತ. ಅದಕ್ಕೇ ಕೇಳುತ್ತಿದ್ದೇನೆ. ಪಕ್ ಗೆರೆ ದಾಟುವ ಮೊದಲು ನೀವು ನಿಜವಾಗಿಯೂ ತೀರ್ಮಾನಿಸಿದ್ದಿರಾ?

ಚಿನ್ಮಯಿ


ಪಾಯಿಂಟ್ ಕುಕ್, ಮೆಲ್ಬರ್ನ್
30 ಮಾರ್ಚ್ 2025

ಚಿನ್ಮಯಿಗೆ,

ನಿನ್ನ ಪತ್ರ ತಲುಪಿತು. ಒತ್ತಕ್ಷರ ಎರಡು ಕಡೆ ತಪ್ಪಿದೆ, ಬೈಗುಳ ಮಾತ್ರ ಶುದ್ಧವಾಗಿದೆ. ನಿಮ್ಮ ಅವ್ವನವರಿಗೆ ನನ್ನ ನಮಸ್ಕಾರ ತಿಳಿಸು.

ನಾನು ಧಾರವಾಡದವಳು. ನಮ್ಮ ಅಪ್ಪ ಬಾಳಪ್ಪ ಮಾಸ್ತರರು ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದರು. ಸೀಟಿ ಹಿಡಿಯುವುದನ್ನು ಅವರಿಂದ ಕಲಿತೆ. ಸ್ಕೇಟಿಂಗ್ ಕಲಿತದ್ದು ಇಲ್ಲಿ, ಮೂವತ್ತೊಂದನೇ ವಯಸ್ಸಿಗೆ. ಮಗಳು ಆದ್ಯಾಳನ್ನು ಯಾರದೋ ಬರ್ತ್‌ಡೇಗೆಂದು ರಿಂಕಿಗೆ ಕರೆದುಕೊಂಡು ಹೋಗಿದ್ದೆ. ಐದು ವರ್ಷದ ಮಕ್ಕಳು ನನ್ನ ಸುತ್ತ ಹಾರಾಡುತ್ತಿದ್ದರೆ ನಾನು ಗೋಡೆ ಹಿಡಿದು ನಿಂತಿದ್ದೆ. ಆ ನಾಚಿಕೆಗೆ ಮಾರನೆಯ ವಾರ ಒಬ್ಬಳೇ ಹೋದೆ. ಇವತ್ತಿಗೆ ಹನ್ನೆರಡು ವರ್ಷವಾಯಿತು. ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಪಟ್ಟೆಯ ಅಂಗಿ.

ಪಂದ್ಯದ ವಿಷಯ ಆಟಗಾರರೊಡನೆ ಚರ್ಚಿಸಬಾರದು ಎಂದು ಲೀಗಿನ ಸೂಚನೆ ಇದೆ. ಆದರೆ ನೀನು ಜಗಳವಾಡದೆ ಪ್ರಶ್ನೆ ಕೇಳಿದ್ದೀಯ, ಉತ್ತರ ಕೊಡುತ್ತೇನೆ. ಹೌದು, ತೀರ್ಮಾನಿಸಿದ್ದೆ. ಪ್ಯಾಡಿನ ಕೆಳಗೆ ಹೋದ ಪಕ್ ನನಗೆ ಕಾಣಲಿಲ್ಲ. ಕಾಣದಿದ್ದರೆ ನಿಲ್ಲಿಸಬೇಕು, ಇಲ್ಲದಿದ್ದರೆ ಐದು ಜನ ಸ್ಟಿಕ್ ಹಿಡಿದು ಗೋಲ್‌ಕೀಪರಳ ಕೈಕಾಲಿನ ಮೇಲೆ ಬೀಳುತ್ತಾರೆ. ವರದಿಯಲ್ಲೂ ಹಾಗೆಯೇ ಬರೆದಿದ್ದೇನೆ.

ಅಮೆರಿಕ, ಕೆನಡಾದ ದೊಡ್ಡ ವೃತ್ತಿಪರ ಲೀಗಿನಲ್ಲಾದರೆ ಟೊರಾಂಟೊದ ಒಂದು ಕೊಠಡಿಯಲ್ಲಿ ಗೋಡೆ ತುಂಬ ಸ್ಕ್ರೀನ್ ಇಟ್ಟುಕೊಂಡು ಕೂತವರು ಇಂಥದ್ದನ್ನೆಲ್ಲ ನೋಡುತ್ತಾರೆ. ಅಲ್ಲೂ ಈ ನಿಯಮದ ಮೇಲಿನ ಜಗಳ ನಿಂತಿಲ್ಲ. ಪಕ್ ಎಲ್ಲಿತ್ತು ಎಂದು ಸ್ಕ್ರೀನಿನಲ್ಲಿ ನೋಡಬಹುದು, ರೆಫರಿ ಆಗ ಏನು ಅಂದುಕೊಂಡಿದ್ದರು ಎಂದು ನೋಡಲಾಗುವುದಿಲ್ಲ. ಅದನ್ನು ರೆಫರಿಯೇ ಹೇಳಬೇಕು.

ನಿನ್ನ ಹೊಡೆತ ಚೆನ್ನಾಗಿತ್ತು. ಹಿಂಗೈ ಕಡೆಯಿಂದ, ಎದುರಾಳಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹಾಗೆ ತಿರುಗುವವರನ್ನು ನಾನು ಈ ದೇಶದಲ್ಲಿ ಬೇರೆ ನೋಡಿಲ್ಲ. ಮೊಣಕಾಲಿನ ಸುದ್ದಿ ಕೇಳಿ ಬೇಸರವಾಯಿತು.

ಮುಂದೆ ಬರೆಯುವುದಿದ್ದರೆ ಮೇಲಿರುವ ವಿಳಾಸಕ್ಕೇ ಬರೆ. ರೆಫರಿ ಎನ್ನಬೇಡ. ಆಂಟಿ ಎಂದೂ ಬೇಡ, ಪಾಯಿಂಟ್ ಕುಕ್‌ನ ಅರ್ಧ ಮಕ್ಕಳಿಗೆ ನಾನು ಆಂಟಿ.

ಅನಸೂಯಾ


ದಿ ಪಾಂಡ್ಸ್
13 ಏಪ್ರಿಲ್ 2025

ಅನಸೂಯಾ ಅವರಿಗೆ,

ಇದರ ಜೊತೆ ಇಪ್ಪತ್ತೈದು ಫೋಟೊ ಇಟ್ಟಿದ್ದೇನೆ. ನಮ್ಮ ತಂಡದ ಒಬ್ಬಳ ಅಪ್ಪ ಎದುರು ಸ್ಟ್ಯಾಂಡಿನಿಂದ ಫೋನಿನಲ್ಲಿ ತೆಗೆದ ವಿಡಿಯೊದ ಒಂದೊಂದು ಫ್ರೇಮ್ ಅವು, ಹಿಂದೆ ಪೆನ್ನಿನಿಂದ ನಂಬರು ಹಾಕಿದ್ದೇನೆ. ಲೀಗಿನ ಕ್ಯಾಮೆರಾದಲ್ಲಿ ನೀವು ಕಾಣುವುದಿಲ್ಲ. ಇದರಲ್ಲಿ ಕಾಣುತ್ತೀರಿ.

ಒಂದನೆಯದರಲ್ಲಿ ಪಕ್ ಪ್ಯಾಡಿನ ಕೆಳಗೆ ಹೋಯಿತು. ಹದಿನಾಲ್ಕನೆಯದರಲ್ಲಿ ಪೂರ್ತಿ ಗೆರೆ ದಾಟಿದೆ. ನಿಮ್ಮ ಬಲಗೈ ನೋಡಿ. ಸೀಟಿ ಇರುವ ಕೈ. ಹದಿನಾಲ್ಕರಲ್ಲೂ ಸೊಂಟದ ಹತ್ತಿರವೇ ಇದೆ. ಇಪ್ಪತ್ಮೂರರಲ್ಲೂ ಅಲ್ಲೇ ಇದೆ. ಇಪ್ಪತ್ನಾಲ್ಕನೆಯದರಲ್ಲಿ ಮೇಲೇಳುತ್ತಿದೆ.

ನಾನು ಬೇರೆ ಏನೂ ಹೇಳುವುದಿಲ್ಲ.

ಚಿನ್ಮಯಿ


ದಿ ಪಾಂಡ್ಸ್
1 ಜೂನ್ 2025

ಅನಸೂಯಾ ಅಕ್ಕಾ,

ನಿಮ್ಮಿಂದ ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಮುಖ ನನಗಿಲ್ಲ.

ಆ ವಿಡಿಯೊವನ್ನು ಮೊದಲು ನಮ್ಮ ತಂಡದ ಗ್ರೂಪಿಗೆ ಹಾಕಿದವಳು ನಾನು. ಕೈ ಇರುವ ಜಾಗಕ್ಕೆ ಕೆಂಪು ಸುತ್ತು ಹಾಕಿದವಳೂ ನಾನೇ. ಅಲ್ಲಿಂದ ಯಾರೋ ಅದನ್ನು ಹೊರಗೆ ಹಾಕಿದರು. ಮೆಲ್ಬರ್ನ್ ರೆಫರಿ ಮೆಲ್ಬರ್ನ್‌ಗೇ ಕಪ್ ಕೊಟ್ಟಳು ಎಂದು ಬರೆದವರನ್ನು ನಾನು ತಡೆಯಲಿಲ್ಲ. ಓದಿ ಒಳಗೊಳಗೆ ಹಿತವಾಗಿತ್ತು. ಆಮೇಲೆ ನಿಮ್ಮ ಹೆಸರು ಸಿಕ್ಕಿತು ಅವರಿಗೆ. ನಿನ್ನ ದೇಶಕ್ಕೆ ವಾಪಸ್ ಹೋಗಿ ದನ ಕಾಯಿ ಎಂದು ಒಬ್ಬ ಬರೆದ. ಅದಕ್ಕೆ ನೂರಾರು ಲೈಕು.

ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಅದನ್ನು ಓದಿದೆ. ನನ್ನ ಪಕ್ಕದವಳು ಫೋನಿಗೆ ಬಗ್ಗಿ ನೋಡಿ, "ಯಾರಿದು, ನಿನ್ನ ಸಂಬಂಧಿಯಾ?" ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ.

ವಿಡಿಯೊ ಮಾಡಿದ ಆ ಅಪ್ಪನೂ ಅದನ್ನು ಹಾಕಿದ್ದರು, ಫೋನ್ ಮಾಡಿ ಅಳಿಸಿಸಿದ್ದೇನೆ. ಆದರೆ ಬೇರೆಯವರು ಹಂಚಿದ್ದು ಹಾಗೇ ಉಳಿದಿದೆ. ನೀವು ಆರಾಮಾಗಿದ್ದೀರಾ? ಇಷ್ಟಾದರೂ ತಿಳಿಸಿ. ಕೆಳಗೆ ಅವ್ವ ತಾನೂ ನಾಲ್ಕು ಸಾಲು ಬರೆಯುತ್ತೇನೆ ಎಂದು ಪೆನ್ನು ಕಸಿದುಕೊಂಡಿದ್ದಾಳೆ.

ಚಿನ್ಮಯಿ

ಅನಸೂಯಾ ತಂಗಿ, ನಾ ಗೌರಕ್ಕ. ನನಗ ಆಟ ತಿಳಿಯಾಂಗಿಲ್ಲ. ಗೋಲ್ ಆಗಿತ್ತೋ ಇಲ್ಲೋ ದೇವರಿಗೇ ಗೊತ್ತು. ಆದ್ರ ನನ್ನ ಮಗಳು ಹೊಟ್ಟೀಲೆ ಉರ್ಕೊಂಡು ಇನ್ನೊಬ್ರ ಮನೀಗೆ ಬೆಂಕಿ ಹಚ್ಚಿದ್ಲಲ್ಲ, ಅದು ನನಗ ಸೇರ್ಲಿಲ್ಲ. ಆಕೀ ಕೂಡ ಎಂಟು ದಿನಾ ಮಾತು ಬಿಟ್ಟಿದ್ದೆ. ನೀ ಮನಿ ಬಿಟ್ಟು ಹೊರಗ ಬರೂದು ಬಿಡಬ್ಯಾಡ. ಉಂಡು ತಿಂದು ಗಟ್ಟಿ ಇರು.


ಪಾಯಿಂಟ್ ಕುಕ್
6 ಜುಲೈ 2025

ಚಿನ್ಮಯಿ,

ಗೌರಕ್ಕನವರ ನಾಲ್ಕು ಸಾಲು ಓದಿ ಬಹಳ ದಿನದ ಮೇಲೆ ನಕ್ಕೆ. ಆಮೇಲೆ ಅತ್ತೆ. ನಾನು ಆರಾಮಾಗಿದ್ದೇನೆ ಎಂದು ಅವರಿಗೆ ಹೇಳು. ಫೋನಿನಿಂದ ಎಲ್ಲ ತೆಗೆದುಹಾಕಿದ್ದೇನೆ.

ನಿನ್ನ ಇಪ್ಪತ್ತೈದು ಫೋಟೊ ಬಂದ ದಿನ ಅವನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ನನ್ನ ಗಂಡ ಭಾಸ್ಕರ ಕಾಫಿ ಹಿಡಿದು ಬಂದು ನೋಡಿದ. ಮೈಸೂರಿನವನು, ಯಾವ ಮಾತನ್ನೂ ಜೋರಾಗಿ ಆಡುವವನಲ್ಲ.

"ಇದರಲ್ಲಿ ಏನಿದೆ? ಮನಸ್ಸಲ್ಲಿ ಡಿಸೈಡ್ ಮಾಡಿ ಕೈ ಎತ್ತೋಕೆ ಒಂದ್ ಸ್ವಲ್ಪ ಟೈಮ್ ಬೇಕಲ್ವಾ?" ಎಂದ.

"ಎಷ್ಟು ಬೇಕು?" ಎಂದು ಕೇಳಿದೆ.

ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ನಾನು ವರದಿಗೆ ಸಹಿ ಹಾಕಿದ್ದೆ. ಅದು ನನ್ನನ್ನು ಕೊರೆಯತೊಡಗಿತು.

ಮೇ ತಿಂಗಳ ಒಂದು ಬೆಳಿಗ್ಗೆ, ಮಕ್ಕಳ ಕ್ಲಾಸು ಶುರುವಾಗುವ ಮೊದಲು, ರಿಂಕಿನವರನ್ನು ಕೇಳಿಕೊಂಡು ಒಂದು ಗಂಟೆ ಐಸ್ ತೆಗೆದುಕೊಂಡೆ. ಭಾಸ್ಕರನಿಗೆ ಸ್ಕೇಟಿಂಗ್ ಬರುವುದಿಲ್ಲ. ರಬ್ಬರ್ ಬೂಟು ಹಾಕಿಕೊಂಡು ಬಾತುಕೋಳಿಯ ಹಾಗೆ ನಡೆದು ಗೋಲಿನ ಮುಂದೆ ನಿಂತ. ಹಳೆಯ ಪ್ಯಾಡ್ ಒಂದನ್ನು ಐಸ್ ಮೇಲೆ ಮಲಗಿಸಿ, ಪಕ್ಕನ್ನು ಸ್ಟಿಕ್ಕಿನಿಂದ ಅದರ ಕೆಳಗೆ ತಳ್ಳಬೇಕು, ಅಷ್ಟೇ. ಯಾವಾಗ ತಳ್ಳುತ್ತಾನೆ ಎಂದು ನನಗೆ ಹೇಳಬಾರದು. ಟ್ಯಾಬ್ಲೆಟ್ಟಿನಲ್ಲಿ ಇಬ್ಬರನ್ನೂ ರೆಕಾರ್ಡ್ ಮಾಡಿದೆವು. ನಲವತ್ತು ಸಲ ಮಾಡಿದೆವು, ಅವನು ಮೂರು ಸಲ ಬಿದ್ದ.

ಮನೆಗೆ ಬಂದು ಫ್ರೇಮ್ ಎಣಿಸಿದೆ. ಪಕ್ ಕಾಣದಾದ ಮೇಲೆ ನನ್ನ ಕೈ ಏಳಲು ಒಂಬತ್ತು ಫ್ರೇಮ್. ಕೆಲವು ಸಲ ಹತ್ತು. ಒಂದು ಸಲವೂ ಹನ್ನೊಂದು ದಾಟಿಲ್ಲ. ಫೈನಲ್‌ನಲ್ಲಿ ಇಪ್ಪತ್ತಮೂರು ಫ್ರೇಮ್ ಕಳೆದರೂ ಎದ್ದಿಲ್ಲ.

ಅಂದರೆ ಅಂದು ಪಕ್ ಕಾಣದಾದ ಕೂಡಲೇ ನಾನು ನಿಲ್ಲಿಸಲು ತೀರ್ಮಾನಿಸಿರಲಿಲ್ಲ. ಕಾಯುತ್ತಿದ್ದೆ. ಹುಡುಕುತ್ತಿದ್ದೆ. ಇದನ್ನು ಬರೆದುಕೊಂಡ ಮೇಲೆ ಇನ್ನೊಂದು ನೆನಪು ತಾನಾಗಿಯೇ ಬಂತು. ಸೀಟಿ ಊದುವ ಮೊದಲು ನನಗೆ ಸ್ಟ್ಯಾಂಡಿನ ಕೂಗು ಕೇಳಿತ್ತು. ಗೋಲು ಎಂದು ಜನ ಕೂಗಿದರು, ಆಮೇಲೆ ನಾನು ಬೆಚ್ಚಿ ಊದಿದೆ. ಊದಿ, ಟ್ಯಾಬ್ಲೆಟ್ಟಿನ ಹತ್ತಿರ ಹೋಗುವಷ್ಟರಲ್ಲಿ, ಮೊದಲೇ ತೀರ್ಮಾನಿಸಿದ್ದೆ ಎಂದು ನನ್ನ ಮನಸ್ಸು ಹಳೆಯ ತಾರೀಖು ಹಾಕಿಕೊಂಡಿತ್ತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಚಿನ್ಮಯಿ. ಆ ಹೊತ್ತಿಗೆ ಅದೇ ನಿಜವೆಂದು ನಾನೂ ನಂಬಿದ್ದೆ. ನಿನಗೆ ಮಾರ್ಚ್‌ನಲ್ಲಿ ಬರೆದಾಗಲೂ ನಂಬಿದ್ದೆ.

ನಿನ್ನದು ಗೋಲು.

ಇದನ್ನು ನಿನಗೆ ಮಾತ್ರ ಬರೆದು ಸುಮ್ಮನಾದರೆ ಸಾಲದು ಎನಿಸಿತು. ರೆಫರಿಗಳ ಮುಖ್ಯಸ್ಥೆ ಮರಿಯನ್‌ಗೆ ಬರೆಯುತ್ತೇನೆ ಎಂದಾಗ ಭಾಸ್ಕರ, "ನಿನ್ನನ್ನ ಯಾರು ಕೇಳಿದ್ರು? ಜನ ಈಗ ತಾನೇ ಮರೀತಿದಾರೆ," ಎಂದ. ಅವನ ಭಯ ನನಗೆ ಅರ್ಥವಾಗುತ್ತದೆ. ಮುಂದಿನ ವರ್ಷ ಯುರೋಪಿನಲ್ಲಿ ನಡೆಯುವ ಮಹಿಳಾ ವಿಶ್ವ ಟೂರ್ನಿಯ ಕೆಳ ಡಿವಿಷನ್ನಿಗೆ ಇಲ್ಲಿಂದ ಕಳಿಸುವ ರೆಫರಿಗಳ ಪಟ್ಟಿಯಲ್ಲಿ ನನ್ನ ಹೆಸರಿತ್ತು. ನನಗೀಗ ನಲವತ್ಮೂರು. ಮತ್ತೆ ಆ ಪಟ್ಟಿಗೆ ಬರುತ್ತೇನೆ ಎಂಬ ಭರವಸೆ ಇಲ್ಲ.

ಪತ್ರ ಕಳಿಸಿದ ಮೂರನೇ ದಿನ ಮರಿಯನ್ ಫೋನ್ ಮಾಡಿದಳು. ಅವಳು ಕೆಟ್ಟವಳಲ್ಲ, ಮೂವತ್ತು ವರ್ಷ ಐಸ್ ಮೇಲೆ ನಿಂತವಳು. "ನಿಯಮ ನಿನ್ನ ಕಡೆಗಿದೆ, ಅನಸೂಯಾ. ಈ ಪತ್ರ ಹೊರಗೆ ಬಂದರೆ ನಾಳೆ ಸೋತವರೆಲ್ಲ ರೆಫರಿಯ ತಲೆ ಸೀಳಿ ತೋರಿಸಿ ಎನ್ನುತ್ತಾರೆ. ಬೇಕಾದರೆ ವಾಪಸ್ ತೆಗೆದುಕೋ, ನಾನು ಓದಿಲ್ಲ ಅಂದುಕೊಳ್ಳುತ್ತೇನೆ," ಎಂದಳು.

ಅವಳ ಮಾತಿನಲ್ಲೂ ಸತ್ಯವಿದೆ. ಯೋಚಿಸಲು ಒಂದು ದಿನ ಕೇಳಿದೆ. ವಾಪಸ್ ತೆಗೆದುಕೊಳ್ಳಲಿಲ್ಲ.

ಅನಸೂಯಾ


ದಿ ಪಾಂಡ್ಸ್
24 ಆಗಸ್ಟ್ 2025

ಅಕ್ಕಾ,

ನಿಮ್ಮ ಪತ್ರ ಬಂದ ದಿನ ಅದನ್ನು ಅವ್ವನಿಗೆ ಓದಿ ಹೇಳುತ್ತಿದ್ದೆ. "ನಿನ್ನದು ಗೋಲು" ಎಂಬ ಸಾಲಿಗೆ ಬಂದು ಮುಂದೆ ಓದಲಾಗಲಿಲ್ಲ. ಆ ಮಾತು ಕೇಳಿದರೆ ಕುಣಿಯುತ್ತೇನೆ ಎಂದು ನಾಲ್ಕು ತಿಂಗಳಿನಿಂದ ಅಂದುಕೊಂಡಿದ್ದೆ. ಕುಣಿಯಲಿಲ್ಲ. ಅವ್ವ ಉಳಿದದ್ದನ್ನು ತಾನೇ ಓದಿ, ಹಾಳೆ ಮಡಚಿ, "ಈಕೀಗೆ ನೀ ಏನಂದಿದ್ದಿ, ನೆನಪೈತೇನು?" ಎಂದಳು.

ಹೋದ ಭಾನುವಾರ ನಾರ್ತ್ ಸಿಡ್ನಿಯಲ್ಲಿ ಲೀಗಿನ ವಾರ್ಷಿಕ ಸಭೆ ಇತ್ತು. ಆಟಗಾರರ ಪರವಾಗಿ ನಮ್ಮ ತಂಡದಿಂದ ಬ್ರಿಡ್ಜೆಟ್ ಮತ್ತು ನಾನು ಹೋಗಿದ್ದೆವು. ಗ್ಯಾನೆಟ್ಸ್‌ನಿಂದ ಅವರ ಗೋಲ್‌ಕೀಪರ್ ಟೆಸ್ ಬಂದಿದ್ದಳು. ನನ್ನ ಪಕ್ ಇವಳ ಪ್ಯಾಡಿನ ಕೆಳಗೇ ಹೋದದ್ದು. ನೀವು ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಬಾಗಿಲು ತೆರೆದಾಗಲೆಲ್ಲ ನೋಡುತ್ತಿದ್ದೆ.

ಅಲ್ಲಿ ನಡೆದದ್ದನ್ನು ಯಾರೂ ನಿಮಗೆ ಸರಿಯಾಗಿ ಹೇಳಿರಲಿಕ್ಕಿಲ್ಲ.

ಮರಿಯನ್ ಎದ್ದು ನಿಂತು ನಿಮ್ಮ ಪತ್ರವನ್ನು ಪೂರ್ತಿ ಓದಿದರು. ನಲವತ್ತು ಸಲ ಮಾಡಿದ್ದು, ಫ್ರೇಮ್ ಎಣಿಸಿದ್ದು, ಜನರ ಕೂಗು ಮೊದಲು ಕೇಳಿದ್ದು, ಒಂದನ್ನೂ ಬಿಡಲಿಲ್ಲ. ಓದಿ ಮುಗಿಸಿ, "ಇದನ್ನು ವಾಪಸ್ ತೆಗೆದುಕೋ ಎಂದು ನಾನೇ ಹೇಳಿದ್ದೆ. ಆಕೆ ಒಪ್ಪಲಿಲ್ಲ," ಎಂದರು.

ಹಿಂದಿನ ಸಾಲಿನಿಂದ ಒಬ್ಬರು, "ಹಾಗಾದರೆ ಕಪ್ ಸಿಡ್ನಿಗೆ ಕೊಡಿ," ಎಂದರು. ಕೆಲವರು ಮೇಜು ಬಡಿದರು. ಆಗ ಟೆಸ್ ಎದ್ದಳು.

"ಪಕ್ ನನ್ನ ಎಡಗಾಲಿಗೆ ತಾಗಿ ಹಿಂದೆ ಹೋದದ್ದು ನನಗೆ ಗೊತ್ತಾಗಿತ್ತು," ಎಂದಳು. "ಸೀಟಿ ಬರಲಿ ಎಂದು ಬೇಡಿಕೊಳ್ಳುತ್ತ ಹಾಗೇ ಮಲಗಿದ್ದೆ. ಬಂತು. ಐದು ತಿಂಗಳಾಯಿತು, ಒಬ್ಬರೂ ನನ್ನನ್ನು ಕೇಳಲಿಲ್ಲ. ಎಲ್ಲರೂ ಆ ರೆಫರಿಯನ್ನೇ ಬೈದರು. ನಾನೂ ಬಾಯಿ ಬಿಡಲಿಲ್ಲ."

ಬ್ರಿಡ್ಜೆಟ್ ಎದ್ದು ಹೋಗಿ ಅವಳ ಪಕ್ಕ ಕೂತಳು. ಮಾರ್ಚ್‌ನಲ್ಲಿ ನಿಮ್ಮನ್ನು ಕುರುಡಿ ಎಂದು ಪತ್ರಿಕೆಯವರ ಮುಂದೆ ಹೇಳಿದ್ದು ಇದೇ ಬ್ರಿಡ್ಜೆಟ್.

ಫಲಿತಾಂಶ ಬದಲಾಗುವುದಿಲ್ಲ ಎಂದು ಸಭೆ ಒಪ್ಪಿತು. ನಾನೂ ಒಪ್ಪಿ ಕೈ ಎತ್ತಿದೆ. ಆಮೇಲೂ ನಲವತ್ತು ಸೆಕೆಂಡ್ ಆಟ ಇತ್ತಲ್ಲ, ಗೆಲ್ಲುತ್ತಿದ್ದೆವು ಎಂದು ಹೇಗೆ ಹೇಳಲಿ? ಆದರೆ ನಿಮ್ಮ ಪತ್ರವನ್ನು ಫೈನಲ್‌ನ ದಾಖಲೆಯ ಜೊತೆ ಇಡುತ್ತಾರೆ. ಇನ್ನೊಂದು ಹೊಸ ಪದ್ಧತಿಯೂ ಬಂತು. ಮುಂದಿನ ಸೀಸನ್ನಿನಿಂದ ಯಾವ ರೆಫರಿಯೂ ಸ್ಕ್ರೀನ್ ನೋಡುವ ಮೊದಲು ತಾನು ಏನು ಕಂಡೆ, ಯಾವಾಗ ತೀರ್ಮಾನಿಸಿದೆ ಎಂದು ಒಂದು ಚೀಟಿಯಲ್ಲಿ ಬರೆದು ಸ್ಕೋರ್ ಮೇಜಿನವರಿಗೆ ಕೊಡಬೇಕು. ಆಮೇಲೆಯೇ ವಿಡಿಯೊ. ಇದನ್ನು ಸೂಚಿಸಿದವರು ಮರಿಯನ್.

ಹೊರಗೆ ಬಂದ ಮೇಲೆ ಟೆಸ್ ನನ್ನ ಹತ್ತಿರ ಬಂದು ಕ್ಷಮೆ ಕೇಳಿದಳು. ಇಬ್ಬರೂ ಸ್ಟೇಷನ್ನಿನವರೆಗೆ ಜೊತೆಗೆ ನಡೆದೆವು.

ಹದಿನೈದು ವರ್ಷ ಆಡಿದ್ದೇನೆ ಅಕ್ಕಾ. ನೂರು ಸಲ ಬಿದ್ದಿದ್ದೇನೆ, ಎದ್ದಿದ್ದೇನೆ, ಅದನ್ನೇ ಧೈರ್ಯ ಅಂದುಕೊಂಡಿದ್ದೆ. ನಿಮ್ಮಷ್ಟು ಗಟ್ಟಿ ಮನುಷ್ಯರನ್ನು ನಾನು ಆ ರಿಂಕಿನಲ್ಲಿ ನೋಡಿಲ್ಲ.

ನಿಮ್ಮ ಚಿನ್ಮಯಿ


ಪಾಯಿಂಟ್ ಕುಕ್
14 ಸೆಪ್ಟೆಂಬರ್ 2025

ಚಿನ್ಮಯಿ,

ಟೆಸ್ ಹಾಗೆ ಎದ್ದು ನಿಂತಳೆಂದು ಓದಿ ಅವಳಿಗೂ ಒಂದು ಪತ್ರ ಬರೆದೆ. ಇಪ್ಪತ್ತೆರಡು ವರ್ಷದ ಹುಡುಗಿ, ಅವಳಿಗೆ ಅದು ಸಣ್ಣ ಮಾತಲ್ಲ.

ಟೂರ್ನಿಯ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರೆ. ಮರಿಯನ್ ತಾನೇ ಮನೆಗೆ ಬಂದು ಹೇಳಿ ಹೋದಳು. "ಈ ವರ್ಷ ಬೇಡ ಎಂದು ಮೇಲಿನವರು ನಿರ್ಧರಿಸಿದ್ದಾರೆ," ಎಂದಳು. ಪತ್ರ ಬರೆಯಬೇಡ ಎಂದಿದ್ದ ಭಾಸ್ಕರ ಅಂದು ಅವಳ ಮೇಲೆ ರೇಗಿದ. "ತಪ್ಪು ಒಪ್ಕೊಂಡೋರಿಗೆ ಪನಿಶ್‌ಮೆಂಟು, ಮುಚ್ಚಿಟ್ಕೊಂಡೋರಿಗೆ ಟಿಕೆಟ್ಟಾ?" ಎಂದು ಕೇಳಿದ. ನಾನೇ ಅವನನ್ನು ಒಳಗೆ ಕಳಿಸಬೇಕಾಯಿತು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಅವನ ಜೋರು ದನಿ ಕೇಳಿದೆ.

ಆಸೆ ಇರಲಿಲ್ಲ ಎಂದು ಹೇಳುವುದಿಲ್ಲ. ಬಹಳ ಇತ್ತು.

ಆದರೆ ಅದಕ್ಕಿಂತ ಬೇರೆ ತೊಂದರೆಯಾಗಿದೆ. ಹೋದ ವಾರ ಹನ್ನೆರಡು ವರ್ಷದೊಳಗಿನ ಮಕ್ಕಳ ಪಂದ್ಯಕ್ಕೆ ಹೋಗಿದ್ದೆ. ಪಕ್ ಗೋಲಿನ ಹತ್ತಿರ ಬಂದರೆ ಸಾಕು, ಊದಲೇ, ತಡೆಯಲೇ ಎಂದು ನನ್ನನ್ನು ನಾನೇ ನೋಡಿಕೊಳ್ಳುತ್ತ ನಿಲ್ಲುತ್ತೇನೆ. ಮೂರು ಸಲ ಸುಮ್ಮಸುಮ್ಮನೆ ಬೇಗ ಊದಿದೆ. ಒಬ್ಬ ಪುಟ್ಟ ಹುಡುಗಿ ನನ್ನನ್ನು ಪಾಪ ಎನ್ನುವಂತೆ ನೋಡಿದಳು. ಈ ಸೀಸನ್ನಿಗೆ ನನ್ನ ಹೆಸರು ಬೇಡ ಎಂದು ಮರಿಯನ್‌ಗೆ ಹೇಳಿದ್ದೇನೆ. ಹನ್ನೆರಡು ವರ್ಷ ಸಾಕು ಎಂದುಕೊಳ್ಳುತ್ತೇನೆ.

ನಿನ್ನ ಮೊಣಕಾಲು ಹೇಗಿದೆ?

ಅನಸೂಯಾ


ದಿ ಪಾಂಡ್ಸ್
5 ಅಕ್ಟೋಬರ್ 2025

ಅಕ್ಕಾ,

ಮೊಣಕಾಲು ಮೆಟ್ಟಿಲು ಹತ್ತುತ್ತದೆ, ಐಸ್‌ಗೆ ಇಳಿಯುವುದಿಲ್ಲ. ಕರವಾಂಗ್ಸ್ ನನ್ನನ್ನು ಸಹಾಯಕ ಕೋಚ್ ಮಾಡಿದ್ದಾರೆ. ಬೆಂಚಿನ ಹಿಂದೆ ನಿಂತು ಕೂಗುವ ಕೆಲಸ, ನನಗೆ ಹೊಸದಲ್ಲ.

ಈ ಪತ್ರದ ಜೊತೆ ಇರುವ ಹಾಳೆ ಓದಿ. ಲೀಗಿಗೆ ಹೋಗಿರುವ ಮನವಿಯ ಪ್ರತಿ ಅದು. ನವೆಂಬರ್ ಹದಿನೈದಕ್ಕೆ ಸಿಡ್ನಿಯಲ್ಲಿ ನಮ್ಮ ಮೊದಲ ಪಂದ್ಯ, ಗ್ಯಾನೆಟ್ಸ್ ಮೇಲೆ. ಅದಕ್ಕೆ ನಿಮ್ಮನ್ನೇ ರೆಫರಿಯಾಗಿ ಕಳಿಸಬೇಕೆಂದು ನಮ್ಮ ತಂಡ ಕೇಳಿದೆ. ನನ್ನ ಕೆಲಸ ಎಂದುಕೊಳ್ಳಬೇಡಿ. ನೀವು ಬಿಡುತ್ತಿದ್ದೀರಿ ಎಂದು ನಾನು ಹೇಳಿದೆ, ಅಷ್ಟೇ. ಬರೆದವಳು ಬ್ರಿಡ್ಜೆಟ್. ಇಪ್ಪತ್ತು ಜನರಲ್ಲಿ ಹದಿನೆಂಟು ಜನ ಸಹಿ ಹಾಕಿದ್ದಾರೆ. ಇಬ್ಬರು ಹಾಕಲಿಲ್ಲ. ಅವರಿಗೆ ಆ ಕಪ್ ಇನ್ನೂ ನೋಯುತ್ತಿದೆ. ಅವರನ್ನು ನಾನು ಒತ್ತಾಯಿಸಲಿಲ್ಲ.

ಗ್ಯಾನೆಟ್ಸ್ ಕಡೆಯಿಂದ ಟೆಸ್ ಸಹಿ ಮಾಡಿಸಿದ್ದಾಳೆ. ಅವರಲ್ಲಿ ಇಪ್ಪತ್ತಕ್ಕೆ ಇಪ್ಪತ್ತು.

ಬರುವುದು, ಬಿಡುವುದು ನಿಮ್ಮಿಷ್ಟ. ಅವ್ವ ಮಾತ್ರ, "ಆಕಿ ಬರ್ತಾಳ. ಮೂವತ್ತೊಂದಕ್ಕ ಗ್ವಾಡಿ ಬಿಟ್ಟಾಕಿ, ಈಗ ಹಿಡೀತಾಳೇನು?" ಎಂದು ಎಲ್ಲರಿಗೂ ಹೇಳುತ್ತ ತಿರುಗುತ್ತಿದ್ದಾಳೆ.

ನಿಮ್ಮ ಚಿನ್ಮಯಿ


ದಿ ಪಾಂಡ್ಸ್
17 ನವೆಂಬರ್ 2025

ಅಕ್ಕಾ,

ಕೊನೆಗೂ ನೀವು ಬಂದಿರಿ, ಆದರೆ ಪಂದ್ಯ ಮುಗಿದ ಕೂಡಲೇ ವಿಮಾನಕ್ಕೆಂದು ಓಡಿದಿರಿ, ಮಾತಾಡಲು ಆಗಲಿಲ್ಲ. ನಮ್ಮ ಬೆಂಚಿನಲ್ಲಿ ನಡೆದದ್ದು ನಿಮಗೆ ಕಂಡಿರುವುದಿಲ್ಲ. ಅದನ್ನು ಹೇಳಲು ಬರೆಯುತ್ತಿದ್ದೇನೆ.

ನೀವು ಐಸ್‌ಗೆ ಇಳಿದಾಗ ಸ್ಟ್ಯಾಂಡಿನಲ್ಲಿ ಒಂದಿಬ್ಬರು ಕೂಗಿದರು. ನಿಮಗೆ ಕೇಳಿಸಿತೆಂದು ಗೊತ್ತು. ಮೊದಲ ಹತ್ತು ನಿಮಿಷ ನೀವು ಗೋಲಿಗೆ ಬಹಳ ಹತ್ತಿರ ನಿಲ್ಲುತ್ತಿದ್ದಿರಿ. ಆಮೇಲೆ ಯಾವಾಗಲೋ ಹಿಂದೆ ಸರಿದು ಜಾಗ ಬಿಟ್ಟುಕೊಟ್ಟಿರಿ. ನಿಮ್ಮ ಸ್ಕೇಟಿನ ಸದ್ದೇ ಬದಲಾಯಿತು. ಆಟವನ್ನು ನೋಡುತ್ತಿದ್ದಿರಿ, ನಿಮ್ಮನ್ನಲ್ಲ.

ಕೊನೆಗೆ ಎರಡಕ್ಕೆರಡು ಸಮ, ಆರು ನಿಮಿಷ ಉಳಿದಿತ್ತು. ಗ್ಯಾನೆಟ್ಸ್‌ನ ಹುಡುಗಿಯ ಸ್ಕೇಟಿಗೆ ತಾಗಿ ಪಕ್ ನಮ್ಮ ಗೋಲಿನೊಳಗೆ ಹೋಯಿತು. ತಾನಾಗಿ ತಾಗಿದ್ದರೆ ಗೋಲು, ಕಾಲಿನಿಂದ ಒದ್ದಿದ್ದರೆ ಅಲ್ಲ. ನಮ್ಮವರೆಲ್ಲ ಒದ್ದಳು ಎಂದು ಬೆಂಚಿನಿಂದ ಎದ್ದು ನಿಂತರು. ನಾನೂ ನಿಂತೆ. ಬಾಯಿ ತೆರೆದಿದ್ದೆ, ಒಪ್ಪಿಕೊಳ್ಳುತ್ತೇನೆ. ನೀವು ಸ್ಕೋರ್ ಮೇಜಿನ ಕಡೆ ಹೋಗಿ, ಚೀಟಿ ತೆಗೆದುಕೊಂಡು, ಅದನ್ನು ರಿಂಕಿನ ಅಂಚಿನ ಅಡ್ಡಗೋಡೆಯ ಮೇಲಿಟ್ಟು ಬರೆಯತೊಡಗಿದಿರಿ.

ಆಗ ಬ್ರಿಡ್ಜೆಟ್ ತಿರುಗಿ, "ಕೂತುಕೊಳ್ಳಿ. ಆಕೆ ಬಂದು ಹೇಳಲಿ," ಎಂದಳು.

ಕೂತರು ಅಕ್ಕಾ. ಸಹಿ ಹಾಕದ ಇಬ್ಬರೂ ಕೂತರು. ನೀವು ಚೀಟಿ ಕೊಟ್ಟು, ಸ್ಕ್ರೀನ್ ನೋಡಿ, ಹೆಲ್ಮೆಟ್ ಸರಿಮಾಡಿಕೊಂಡು ಬರುವವರೆಗೆ ನಮ್ಮ ಬೆಂಚಿನಲ್ಲಿ ಒಬ್ಬರೂ ಸ್ಟಿಕ್ ಬಡಿಯಲಿಲ್ಲ. ಹದಿನೈದು ವರ್ಷದಲ್ಲಿ ಅಂಥ ಬೆಂಚನ್ನು ನಾನು ನೋಡಿಲ್ಲ. ನೀವು ಮಧ್ಯಕ್ಕೆ ಬಂದು ಕೈ ಚಾಚಿ ಗೋಲು ಎಂದು ತೋರಿಸಿದಿರಿ. ಬ್ರಿಡ್ಜೆಟ್ ಹೆಲ್ಮೆಟ್ ಹಾಕಿಕೊಂಡು ಆಟಕ್ಕೆ ಇಳಿದಳು. ನಾವು ಎರಡಕ್ಕೆ ಮೂರರಿಂದ ಸೋತೆವು.

ನನ್ನ ಕಣ್ಣಿಗೆ ಆ ಹುಡುಗಿ ಒದ್ದದ್ದೇ. ಈಗಲೂ ಹಾಗೆಯೇ ಅನಿಸುತ್ತದೆ, ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ? ಪಂದ್ಯದ ವಿಡಿಯೊ ನಿನ್ನೆ ಕೋಚ್‌ಗಳಿಗೆಲ್ಲ ಕಳಿಸಿದ್ದಾರೆ. ನಮ್ಮ ಡಿಫೆನ್ಸ್ ಎಲ್ಲಿ ಎಡವಿತು ಎಂದು ಪೂರ್ತಿ ನೋಡಿದೆ. ಆ ಗೋಲು ಬಂದಾಗ ನಿಲ್ಲಿಸಿ, ಹಿಂದಕ್ಕೆ ಎಳೆದು ನೋಡಬಹುದಿತ್ತು. ನೋಡಬೇಕೆನಿಸಲಿಲ್ಲ. ಆಟ ಮತ್ತೆ ಶುರುವಾಗುವ ಮುಂದಿನ ಫೇಸ್‌ಆಫ್‌ಗೆ ಹೋದೆ.

ನಿಮ್ಮ
ಚಿನ್ಮಯಿ